ವಸ್ತಾದನ ನೌಕರಿ

ಫುಟ್‌ಬಾಲ್ ತಂಡವೊಂದು ಮೇಲಿಂದ ಮೇಲೆ ಸೋತರೆ ಆಡಿದ ಹನ್ನೊಂದು ಮಂದಿಯನ್ನೂ ಮನೆಗೆ ಕಳಿಸುವುದು ಆಗದ ಮಾತು. ಅವರಿಗೆ ಕರಾರು ಇರುತ್ತದೆ, ಅವರನ್ನು ಕೊಂಡುಕೊಳ್ಳಲು ಕೋಟಿಗಟ್ಟಲೆ ಸುರಿದಿರುತ್ತಾರೆ, ಸೀಸನ್ನಿನ ನಡುವೆ ಬದಲಿ ಆಟಗಾರರು ಸಿಗುವುದೂ ಇಲ್ಲ. ಹೀಗಾಗಿ ಆಟವನ್ನೇ ಆಡದ ಒಬ್ಬನನ್ನು ಕಳಿಸುತ್ತಾರೆ. ಮೈದಾನದ ಗೆರೆಯ ಆಚೆ ನಿಂತು ತೊಂಬತ್ತು ನಿಮಿಷ ಗಂಟಲು ಹರಿದುಕೊಂಡ ಕೋಚ್ ಆತ. ಚೆಂಡನ್ನು ಅವನು ಮುಟ್ಟಿರುವುದಿಲ್ಲ. ತಪ್ಪಿದ ಪೆನಾಲ್ಟಿ ಅವನದಲ್ಲ. ಆದರೆ ಮರುದಿನದ ಪತ್ರಿಕೆಯಲ್ಲಿ ‘ಪರಸ್ಪರ ಒಪ್ಪಿಗೆಯಿಂದ ಬೇರ್ಪಟ್ಟರು’ ಎಂದು ಬರುವುದು ಅವನ ಹೆಸರಿನ ಮುಂದೆ. ಈ ಪರಸ್ಪರ ಒಪ್ಪಿಗೆ ಎಂಬ ಮಾತಿನಷ್ಟು ಸಭ್ಯವಾದ ಸುಳ್ಳು ಕ್ರೀಡಾಪುಟಗಳಲ್ಲಿ ಮತ್ತೊಂದಿಲ್ಲ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿದ ಕ್ಲಬ್ಬು. ಮೊದಲ ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಮೊದಲ ವರ್ಷವೇ ಐ-ಲೀಗ್ ಗೆಲ್ಲಿಸಿಕೊಟ್ಟರು. ಆಮೇಲೆ ಬಂದ ಸ್ಪೇನಿನ ಆಲ್ಬರ್ಟ್ ರೋಕಾ 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲ್ಲಿಗೆ ಒಯ್ದರು. ಅದುವರೆಗೆ ಭಾರತದ ಯಾವ ಕ್ಲಬ್ಬೂ ಅಲ್ಲಿಗೆ ಮುಟ್ಟಿರಲಿಲ್ಲ. ದೋಹಾದಲ್ಲಿ ಇರಾಕಿನ ತಂಡದ ಎದುರು ಒಂದೇ ಗೋಲಿನಿಂದ ಸೋತರು. ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ 2018ರಲ್ಲಿ ಮುಖ್ಯ ಕೋಚ್ ಆದರು, 2019ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ ಗೆದ್ದುಕೊಟ್ಟರು. ಆ ರಾತ್ರಿ ಅವರನ್ನು ಹೆಗಲ ಮೇಲೆ ಹೊತ್ತವರಿಗೆ ಎರಡು ವರ್ಷ ತುಂಬುವುದನ್ನು ಕಾಯುವ ವ್ಯವಧಾನ ಇರಲಿಲ್ಲ. 2021ರ ಜನವರಿಯಲ್ಲಿ ಮೂರು ಪಂದ್ಯ ಸಾಲಾಗಿ ಸೋತದ್ದೇ ತಡ, ಕ್ವಾಡ್ರಾಟ್ ಮನೆಗೆ ಹೋದರು. ಸಹಾಯಕರಾಗಿದ್ದ ನೌಷಾದ್ ಮೂಸಾ ಅವರಿಗೆ ‘ಮಧ್ಯಂತರ’ ಎಂಬ ಹಣೆಪಟ್ಟಿ ಅಂಟಿಸಿ ಉಳಿದ ಪಂದ್ಯಗಳ ಹೊಣೆ ಕೊಟ್ಟರು. ತಂಡ ಏಳನೆಯ ಸ್ಥಾನದಲ್ಲಿ ಉಳಿಯಿತು.

ಅದೇ ಕತೆ ಸೈಮನ್ ಗ್ರೇಸನ್ ಅವರದೂ. 2022ರಲ್ಲಿ ಬಂದವರು ಆ ವರ್ಷವೇ ಡುರಾಂಡ್ ಕಪ್ ಗೆದ್ದರು, 2023ರ ಮಾರ್ಚಿನಲ್ಲಿ ಐಎಸ್ಎಲ್ ಫೈನಲ್ ತಲುಪಿ ಪೆನಾಲ್ಟಿಯಲ್ಲಿ ಸೋತರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬೈ ಸಿಟಿ ಎದುರು ನಾಲ್ಕು ಗೋಲು ತಿಂದ ಬೆನ್ನಿಗೇ ಅವರ ಗಂಟುಮೂಟೆ ಕಟ್ಟಿಸಿದರು. ಬೆಂಗಳೂರಿನಲ್ಲಿ ನೌಕರಿ ಮಾಡುವ ನಮ್ಮಣ್ಣನ ಮಗ ಆ ತಂಡದ ಪಕ್ಕಾ ಅಭಿಮಾನಿ. ಕಂಠೀರವ ಸ್ಟೇಡಿಯಮ್ಮಿನ ಪಶ್ಚಿಮ ಗ್ಯಾಲರಿಯಲ್ಲಿ ನೀಲಿ ಅಂಗಿ ತೊಟ್ಟು ಕೂಗುವ ಗುಂಪಿನವ. ಮನೆಮಾತು ದಖನಿಯಾದರೂ ಫುಟ್‌ಬಾಲಿನ ಸಿಟ್ಟು ಬಂದರೆ ಅವನು ಕನ್ನಡಕ್ಕೆ ಹೊರಳುತ್ತಾನೆ. “ಚಾಚಾ, ಈ ಮನಷ್ಯಾನ ಕೈಲೆ ಆಗೂದಿಲ್ಲ. ಇವನ್ನ ತಗದ್ರನ ತಂಡ ಉದ್ಧಾರ ಆಗೂದು” ಎಂದು ಗ್ರೇಸನ್ ಬಗ್ಗೆ ಫೋನಿನಲ್ಲಿ ಕೂಗಾಡಿದ್ದ. ತೆಗೆದರು. ತಂಡ ಹನ್ನೆರಡರಲ್ಲಿ ಹತ್ತನೆಯದಾಗಿ ಸೀಸನ್ ಮುಗಿಸಿತು. ಬದಲಿಗೆ ಬಂದ ಗೆರಾರ್ಡ್ ಜರಾಗೋಜಾ ಅವರನ್ನು ಆ ಹತ್ತನೆಯ ಸ್ಥಾನದ ಮೇಲೂ ಇಟ್ಟುಕೊಂಡರು ಎಂಬುದು ಗಮನಿಸಬೇಕಾದ ಸಂಗತಿ. ಮರುವರ್ಷ, 2024-25ರಲ್ಲಿ, ಅದೇ ತಂಡ ಫೈನಲ್ ಆಡಿತು.

ಕುಂದಗೋಳದವನಾದ ನನಗೆ ಈ ತೆಗೆಯುವ, ಹಾಕುವ ವ್ಯವಹಾರ ಮೊದಮೊದಲು ವಿಚಿತ್ರವಾಗಿ ಕಂಡಿತ್ತು. ಫುಟ್‌ಬಾಲ್ ನಮ್ಮ ಕಡೆಯ ಆಟವಲ್ಲ. ಇಲ್ಲಿಯ ಕರಿಮಣ್ಣಿನ ಹೊಲಗಳಲ್ಲಿ ಮಳೆಗಾಲದಲ್ಲಿ ಕಾಲಿಟ್ಟರೆ ಕಾಲೇ ಮೇಲೆ ಬರುವುದಿಲ್ಲ, ಚೆಂಡು ಎಲ್ಲಿಂದ ಉರುಳೀತು? ನಮ್ಮದು ಕಬಡ್ಡಿ, ಖೋಖೋ, ಎಲ್ಲಕ್ಕಿಂತ ಹೆಚ್ಚಾಗಿ ಕುಸ್ತಿ. ಕುಸ್ತಿಯಲ್ಲಿ ಕೋಚ್ ಎಂಬ ಶಬ್ದ ಇರಲಿಲ್ಲ. ಗರಡಿಮನೆಯಲ್ಲಿ ಪಟ್ಟು ಹೇಳಿಕೊಡುವವನು ವಸ್ತಾದ. ಫಾರಸಿಯ ‘ಉಸ್ತಾದ್’ ನಮ್ಮ ಜನರ ಬಾಯಿಗೆ ಬಿದ್ದು ವಸ್ತಾದನಾಗಿದ್ದಾನೆ. ಪೈಲ್ವಾನ ಲಿಂಗಾಯತರವನಿರಲಿ, ಕುರುಬರವನಿರಲಿ, ಮುಸಲರವನಿರಲಿ, ಕೆಮ್ಮಣ್ಣಿಗೆ ಇಳಿಯುವ ಮುನ್ನ ವಸ್ತಾದನ ಪಾದ ಮುಟ್ಟಿ ಇಳಿಯುತ್ತಿದ್ದ. ಪೈಲ್ವಾನ ಚಿತ್ತಾದರೆ ‘ತಾಲೀಮು ಸಾಲದು’ ಎಂದು ಅವನನ್ನು ಬೈಯುತ್ತಿದ್ದರೇ ಹೊರತು ವಸ್ತಾದನನ್ನು ಬದಲಿಸುವ ಯೋಚನೆ ಯಾರ ತಲೆಗೂ ಬರುತ್ತಿರಲಿಲ್ಲ. ಸೋತವನು ಮರುದಿನ ನಸುಕಿನಲ್ಲಿ ಅದೇ ವಸ್ತಾದನ ಎದುರು ಬಸಿಕೆ ಹೊಡೆಯುತ್ತಿದ್ದ.

ಅದೇ ಶಬ್ದ ನಮ್ಮೂರಿಗೆ ಇನ್ನೊಂದು ದಾರಿಯಿಂದಲೂ ಬಂದಿದೆ. ಉಸ್ತಾದ್ ಅಬ್ದುಲ್ ಕರೀಮ್ ಖಾನರು ಕುಂದಗೋಳದ ನಾಡಿಗೇರ ವಾಡೆಗೆ ಬರುತ್ತಿದ್ದರು. ಅವರ ಹಾಡು ಕೇಳಿ ಹುಚ್ಚು ಹಿಡಿಸಿಕೊಂಡ ಊರ ಹುಡುಗ ರಾಮಭಾವು ಮುಂದೆ ಸವಾಯಿ ಗಂಧರ್ವರಾದರು. ಅವರ ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಓಡಾಡಿದರು, ಭೀಮಸೇನ ಜೋಶಿ ಇಲ್ಲಿಯೇ ಗುರುವಿನ ಮನೆಯಲ್ಲಿದ್ದು ನೀರು ಹೊತ್ತರು. ಮುಸ್ಲಿಂ ಉಸ್ತಾದರು, ಬ್ರಾಹ್ಮಣ ಶಿಷ್ಯ, ಆ ಶಿಷ್ಯನ ಕೈಕೆಳಗೆ ಎಲ್ಲ ಜಾತಿಯ ಮಕ್ಕಳು. ಒಂದೇ ಸ್ವರವನ್ನು ತಿಂಗಳುಗಟ್ಟಲೆ ಹಾಡಿಸುವ ಉಸ್ತಾದನನ್ನು ‘ಮೂರು ತಿಂಗಳಲ್ಲಿ ಎಷ್ಟು ಕಛೇರಿ ಗೆದ್ದಿರಿ’ ಎಂದು ಯಾರೂ ಕೇಳಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುತ್ತ ಕೂರುವ ಆಸೆ ನನಗಿಲ್ಲ. ವಸ್ತಾದನ ಅನ್ನ ಒಬ್ಬ ಧಣಿಯ ಕೈಯಲ್ಲಿತ್ತು. ಧಣಿಯ ಮನೆ ಕುಸಿದರೆ ಗರಡಿಯೂ ಕುಸಿಯುತ್ತಿತ್ತು. ನಮ್ಮ ಕಡೆ ಎಷ್ಟೋ ಗರಡಿಮನೆಗಳು ಇವತ್ತು ಮೆಣಸಿನಕಾಯಿ ಚೀಲ ಒಟ್ಟುವ ಗೋದಾಮುಗಳಾಗಿವೆ. ಅಲ್ಲಿಯ ವಸ್ತಾದರನ್ನು ಯಾರೂ ತೆಗೆಯಲಿಲ್ಲ ನಿಜ, ಯಾರೂ ಸಾಕಲೂ ಇಲ್ಲ.

ಭಾರತದ ಫುಟ್‌ಬಾಲಿನಲ್ಲಿ ವಸ್ತಾದ ಎಂಬ ಶಬ್ದಕ್ಕೆ ತಕ್ಕ ಒಬ್ಬರಿದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಮಾಸ್ತರರು. ಜನ ಅವರನ್ನು ರಹೀಮ್ ಸಾಹೇಬ್ ಎಂದೇ ಕರೆಯುತ್ತಿದ್ದರು. 1951ರಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡ ಚಿನ್ನ ಗೆದ್ದಿತು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯ ಎದುರು ಭಾರತ 10-1ರಿಂದ ಸೋತಿತು. ನಮ್ಮ ಬಹುತೇಕ ಆಟಗಾರರು ಇನ್ನೂ ಬರಿಗಾಲಿನಲ್ಲಿ ಆಡುತ್ತಿದ್ದ ಕಾಲ ಅದು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್, ಈಸ್ಟ್ ಬೆಂಗಾಲಿನ ಅಭಿಮಾನಿಗಳು ಪಂಚಪಾಂಡವರಲ್ಲಿ ಒಬ್ಬರೆಂದು ಕೊಂಡಾಡಿದ ಆಟಗಾರ.

ಹತ್ತು ಗೋಲು ತಿಂದ ಕೋಚ್ ಇಂದು ವಿಮಾನ ಇಳಿಯುವ ಮುಂಚೆಯೇ ನೌಕರಿ ಕಳೆದುಕೊಂಡಿರುತ್ತಾನೆ. ರಹೀಮ್ ಸಾಹೇಬರು ಉಳಿದರು. ಆ ಸೋಲಿನಿಂದ ಫೆಡರೇಷನ್ ಕಲಿತದ್ದು ಬೂಟು ಕಡ್ಡಾಯವಾಗಬೇಕು ಎಂಬುದನ್ನು. ನಾಲ್ಕು ವರ್ಷಗಳ ನಂತರ ಮೆಲ್ಬರ್ನಿನಲ್ಲಿ ಅವರ ತಂಡ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ಒಲಿಂಪಿಕ್ಸ್ ಸೆಮಿಫೈನಲ್ ಆಡಿತು, ನಾಲ್ಕನೆಯ ಸ್ಥಾನ ಪಡೆಯಿತು. ಅಷ್ಟು ಎತ್ತರಕ್ಕೆ ಭಾರತ ಮತ್ತೆ ಏರಲಿಲ್ಲ. 1962ರ ಸೆಪ್ಟೆಂಬರಿನಲ್ಲಿ ಜಕಾರ್ತಾದಲ್ಲಿ ದಕ್ಷಿಣ ಕೊರಿಯದ ಎದುರು ಏಷ್ಯನ್ ಕ್ರೀಡಾಕೂಟದ ಫೈನಲ್ ನಡೆದಾಗ ರಹೀಮರ ಪುಪ್ಪುಸದಲ್ಲಿ ಕ್ಯಾನ್ಸರ್ ಇತ್ತು. ತುಂಬಿದ ಸ್ಟೇಡಿಯಂ ಭಾರತಕ್ಕೆ ವಿರುದ್ಧವಾಗಿತ್ತು. ತಲೆಗೆ ಪೆಟ್ಟು ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗರನ್ನು ಮುಂದಿನ ಸಾಲಿನಲ್ಲಿ ಆಡಿಸಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದು 2-1ರಿಂದ ಚಿನ್ನ ಬಂತು. ಮರುವರ್ಷ ಜೂನಿನಲ್ಲಿ ರಹೀಮ್ ಸಾಹೇಬರು ತೀರಿಕೊಂಡರು. ಅವರ ಮೇಲೆ 2024ರಲ್ಲಿ ‘ಮೈದಾನ್’ ಎಂಬ ಹಿಂದಿ ಸಿನಿಮಾ ಬರುವವರೆಗೆ ನಮ್ಮ ಹುಡುಗರಿಗೆ ಆ ಹೆಸರೇ ಗೊತ್ತಿರಲಿಲ್ಲ. ಅವರ ಮಗ ಶಾಹಿದ್ ಹಕೀಮ್, 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು, ತಾವೂ ಕೋಚ್ ಆಗಿದ್ದವರು, 2021ರ ಆಗಸ್ಟಿನಲ್ಲಿ ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಆ ಸುದ್ದಿ ಕನ್ನಡ ಪತ್ರಿಕೆಗಳ ಎಷ್ಟು ಓದುಗರ ಕಣ್ಣಿಗೆ ಬಿದ್ದಿತೋ ಕಾಣೆ.

ರಹೀಮರ ಕಾಲಕ್ಕೂ ಇಂದಿನ ಐಎಸ್ಎಲ್‌ಗೂ ನಡುವೆ ಬೆಂಗಳೂರಿನಲ್ಲಿ ಇನ್ನೊಂದು ವ್ಯವಸ್ಥೆ ಇತ್ತು. ಎಚ್ಎಎಲ್, ಐಟಿಐಯಂಥ ಕಾರ್ಖಾನೆಗಳ ತಂಡಗಳು. ಆಟಗಾರನೂ ಕೋಚೂ ಅಲ್ಲಿಯ ನೌಕರರೇ. ಬೆಳಿಗ್ಗೆ ಹಾಜರಿ, ಸಂಜೆ ಮೈದಾನ. ತಂಡ ಸೋತರೆ ಕೋಚಿನ ಹೊಣೆ ಬೇರೆಯವರಿಗೆ ಹೋಗಬಹುದು, ಆದರೆ ಸಂಬಳ, ಪ್ರಾವಿಡೆಂಟ್ ಫಂಡು, ಕ್ವಾರ್ಟರ್ಸು ಎಲ್ಲೂ ಹೋಗುತ್ತಿರಲಿಲ್ಲ. ಎಚ್ಎಎಲ್ 2010-11 ಮತ್ತು 2011-12ರಲ್ಲಿ ಐ-ಲೀಗ್ ಕೂಡ ಆಡಿತು, ಆಮೇಲೆ ಕೆಳಗಿಳಿಯಿತು. ಹಣದ ಆಟದ ಎದುರು ಹಾಜರಿ ಪುಸ್ತಕದ ಆಟ ನಿಲ್ಲಲಿಲ್ಲ. ಆ ವ್ಯವಸ್ಥೆಯಲ್ಲಿ ಆಲಸ್ಯವೂ ಇತ್ತೆಂದು ಬಲ್ಲವರು ಹೇಳುತ್ತಾರೆ, ಇದ್ದೀತು. ಆದರೆ ಸೋತ ರಾತ್ರಿ ಕೋಚಿನ ಹೆಂಡತಿ ಮಕ್ಕಳ ಶಾಲೆಯ ಫೀಸಿನ ಚಿಂತೆ ಮಾಡಬೇಕಾಗಿರಲಿಲ್ಲ.

ಕೋಚುಗಳ ಈ ಸಂಕಟವನ್ನು ಯೋಚಿಸಿದಾಗಲೆಲ್ಲ ನನಗೆ ನೆನಪಾಗುವ ಹೆಸರು ಬೋಸ್ನಿಯದ ವಾಹಿದ್ ಹಲಿಲ್ಹೋಜಿಚ್. ನಾಲ್ಕು ದೇಶಗಳನ್ನು ಅವರು ವಿಶ್ವಕಪ್ಪಿನ ಬಾಗಿಲಿಗೆ ತಂದು ನಿಲ್ಲಿಸಿದರು, ಮೂರು ದೇಶಗಳು ಬಾಗಿಲಲ್ಲೇ ಅವರನ್ನು ಬಿಟ್ಟು ಒಳಗೆ ಹೋದವು. ಐವರಿ ಕೋಸ್ಟ್ 2010ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು. ಆ ವರ್ಷದ ಆರಂಭದಲ್ಲಿ ಆಫ್ರಿಕಾ ಕಪ್ಪಿನಲ್ಲಿ ಅಲ್ಜೀರಿಯ ಎದುರು ಸೋತದ್ದಕ್ಕೆ ಅವರನ್ನು ತೆಗೆದರು. ಜಪಾನ್ 2018ರ ವಿಶ್ವಕಪ್ಪಿಗೆ ಎರಡು ತಿಂಗಳಿರುವಾಗ, ಆಟಗಾರರೊಡನೆ ಮಾತುಕತೆ ಸರಿಯಿಲ್ಲ ಎಂಬ ಕಾರಣ ಹೇಳಿ ಕಳಿಸಿತು. ಅವರು ಕೋರ್ಟಿಗೆ ಹೋದರು. ಕೇಳಿದ ಪರಿಹಾರ ಒಂದು ಯೆನ್, ಜೊತೆಗೊಂದು ಕ್ಷಮಾಪಣೆ. ಮೊರಾಕ್ಕೊವನ್ನು 2022ರ ಕಪ್ಪಿಗೆ ಮುಟ್ಟಿಸಿದರು. ತಂಡದ ತಾರೆ ಹಕೀಮ್ ಜಿಯೆಚ್ ಜೊತೆಗಿನ ಜಗಳ ಬೆಳೆದು ಅದೇ ವರ್ಷ ಆಗಸ್ಟಿನಲ್ಲಿ ಹೊರಗೆ ಬಿದ್ದರು.

ಉಳಿದದ್ದು ಅಲ್ಜೀರಿಯ ಒಂದೇ. ಒಮ್ಮೆ ತಮ್ಮನ್ನು ಸೋಲಿಸಿ ನೌಕರಿ ಕಳೆದಿದ್ದ ದೇಶವನ್ನೇ ಅವರು 2014ರಲ್ಲಿ ಬ್ರೆಜಿಲ್ಲಿಗೆ ಕರೆದೊಯ್ದರು. ಅಲ್ಲಿಯ ಪತ್ರಿಕೆಗಳಿಗೂ ಅವರಿಗೂ ಹಾವು ಮುಂಗುಸಿ. ಮೊದಲ ಪಂದ್ಯ ಬೆಲ್ಜಿಯಂ ಎದುರು ಸೋತಾಗ ಎಲ್ಲರೂ ಕತ್ತಿ ಮಸೆದರು. ಮುಂದಿನ ಪಂದ್ಯದಲ್ಲಿ ಕೊರಿಯವನ್ನು 4-2ರಿಂದ ಸೋಲಿಸಿ, ರಷ್ಯದ ಜೊತೆ ಸಮ ಮಾಡಿಕೊಂಡು ಅಲ್ಜೀರಿಯ ಮೊದಲ ಬಾರಿಗೆ ನಾಕೌಟ್ ಹಂತ ಮುಟ್ಟಿತು. ಎದುರಿಗೆ ಜರ್ಮನಿ. ರಂಜಾನ್ ಶುರುವಾಗಿತ್ತು. ಆಟಗಾರರಲ್ಲಿ ಯಾರು ರೋಜಾ ಇದ್ದಾರೆ, ಯಾರಿಲ್ಲ ಎಂದು ಪತ್ರಕರ್ತರು ಕೆದಕಿದಾಗ, ಅದು ಅವರವರ ಖಾಸಗಿ ವಿಷಯ, ಅದನ್ನು ಕೇಳುವುದೇ ಅಗೌರವ ಎಂದು ಹಲಿಲ್ಹೋಜಿಚ್ ಸಿಡಿದರು. ಆ ಉತ್ತರ ನನಗೆ ಅವರ ಎಲ್ಲ ಗೆಲುವುಗಳಿಗಿಂತ ಹೆಚ್ಚು ಹಿಡಿಸಿತು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತರು. ಆ ಜರ್ಮನಿಯೇ ಕಪ್ ಗೆದ್ದಿತು. ಆಗ ಅಲ್ಜೀರಿಯದ ಜನ ‘ಹೋಗಬೇಡಿ’ ಎಂದು ಅಂಗಲಾಚಿದರು. ಅವರು ನಿಲ್ಲಲಿಲ್ಲ.

ತೆಗೆದದ್ದು ಯಾವಾಗಲೂ ತಪ್ಪೇ ಎಂದು ವಾದಿಸುವಷ್ಟು ಸರಳವಲ್ಲ ಈ ಲೆಕ್ಕ. ಹಲಿಲ್ಹೋಜಿಚ್ ಅವರ ಜಾಗಕ್ಕೆ ಬಂದ ವಾಲಿದ್ ರೆಗ್ರಾಗಿ ಮೂರೇ ತಿಂಗಳಲ್ಲಿ ಮೊರಾಕ್ಕೊವನ್ನು ಕತಾರಿನ ಸೆಮಿಫೈನಲ್ಲಿಗೆ ಒಯ್ದರು, ಆಫ್ರಿಕದ ಯಾವ ದೇಶವೂ ಅಲ್ಲಿಗೆ ಹೋಗಿರಲಿಲ್ಲ. ಜಿಯೆಚ್ ಮರಳಿ ಬಂದು ಆಡಿದ. ಐವರಿ ಕೋಸ್ಟಿನದು ಇನ್ನೂ ಸೋಜಿಗ. 2024ರ ಜನವರಿಯಲ್ಲಿ ತನ್ನ ನೆಲದಲ್ಲೇ ನಡೆದ ಆಫ್ರಿಕಾ ಕಪ್ಪಿನಲ್ಲಿ 4-0ರಿಂದ ಸೋತು, ಟೂರ್ನಿಯ ನಡುವೆಯೇ ಕೋಚ್ ಗ್ಯಾಸೆಯವರನ್ನು ಕಳಿಸಿ, ಸಹಾಯಕ ಎಮರ್ಸ್ ಫಾಯೆಯನ್ನು ನಿಲ್ಲಿಸಿ, ಕಪ್ಪನ್ನೇ ಗೆದ್ದುಕೊಂಡಿತು. ಇಂಥ ಒಂದು ಕತೆ ಸಾಕು, ನೂರು ಕ್ಲಬ್ಬುಗಳ ಮಾಲೀಕರು ನೂರು ಕೋಚುಗಳನ್ನು ತೆಗೆಯಲು. 1998ರ ವಿಶ್ವಕಪ್ಪಿನಲ್ಲಿ ಸೌದಿ ಅರೇಬಿಯ ಎರಡು ಪಂದ್ಯ ಸೋತ ಕೂಡಲೇ ಕಾರ್ಲೋಸ್ ಪರೇರಾರನ್ನು ತೆಗೆದದ್ದನ್ನು ಯಾರೂ ನೆನೆಯುವುದಿಲ್ಲ. ಅವರು ನಾಲ್ಕೇ ವರ್ಷದ ಹಿಂದೆ ಬ್ರೆಜಿಲ್ಲಿಗೆ ವಿಶ್ವಕಪ್ ಗೆದ್ದುಕೊಟ್ಟವರು. ಅವರನ್ನು ತೆಗೆದ ಮೇಲೂ ಸೌದಿ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಜ್ವರ ಏರಿದಷ್ಟು ಏರಿ ತಾನಾಗಿಯೇ ಇಳಿಯುವ ದಿನ ಯಾರು ತಾಯತ ಕಟ್ಟಿರುತ್ತಾರೋ ಅವರಿಗೆ ಹೆಸರು ಬರುತ್ತದೆ. ಕೋಚನ್ನು ತೆಗೆಯುವುದೂ ತಂಡ ಅತಿ ಕೆಟ್ಟದಾಗಿ ಆಡುತ್ತಿರುವಾಗಲೇ ಅಲ್ಲವೇ? ಅದಕ್ಕಿಂತ ಕೆಳಗೆ ಹೋಗಲು ಜಾಗವಿಲ್ಲದಾಗ ಮೇಲೆ ಬಂದದ್ದೆಲ್ಲ ಹೊಸಬರ ಕೈಗುಣ.

ಇನ್ನೊಂದು ವ್ಯತ್ಯಾಸವಿದೆ. ಹೊರದೇಶದ ಕೋಚನ್ನು ಅವಧಿಗೆ ಮುಂಚೆ ತೆಗೆದರೆ ದುಡ್ಡು ತೆರಬೇಕಾಗುತ್ತದೆ. ಭಾರತ ತಂಡದ ಇಗೊರ್ ಸ್ಟಿಮ್ಯಾಚ್ ಅವರನ್ನು 2024ರ ಜೂನಿನಲ್ಲಿ ತೆಗೆದಾಗ ತಕರಾರು ಬೆಳೆದು ಫೆಡರೇಷನ್ ಪರಿಹಾರ ಕೊಟ್ಟೇ ಮುಗಿಸಬೇಕಾಯಿತು. ನಮ್ಮ ದೇಶದ ಕೋಚಿಗೆ ಸಿಗುವುದು ‘ಮಧ್ಯಂತರ’ ಎಂಬ ಹಣೆಪಟ್ಟಿ. ಖಾಲಿದ್ ಜಮೀಲ್ 2017ರಲ್ಲಿ ಮಿಜೋರಾಮಿನ ಐಜಾಲ್ ಎಂಬ ಪುಟ್ಟ ಕ್ಲಬ್ಬಿಗೆ ಐ-ಲೀಗ್ ಗೆದ್ದುಕೊಟ್ಟರು. 2021ರಲ್ಲಿ ನಾರ್ತ್ ಈಸ್ಟ್ ಯುನೈಟೆಡ್ ತಂಡವನ್ನು ಮಧ್ಯಂತರವಾಗಿ ವಹಿಸಿಕೊಂಡು ಸೆಮಿಫೈನಲ್ಲಿಗೆ ಮುಟ್ಟಿಸಿದರು. ಆ ನಂತರವೇ ಐಎಸ್ಎಲ್‌ನಲ್ಲಿ ಒಬ್ಬ ಭಾರತೀಯನಿಗೆ ಪೂರ್ಣ ಪ್ರಮಾಣದ ಹುದ್ದೆ ಸಿಕ್ಕದ್ದು. 2025ರ ಆಗಸ್ಟಿನಲ್ಲಿ ಅವರು ರಾಷ್ಟ್ರೀಯ ತಂಡದ ಕೋಚ್ ಆದರು, ತಿಂಗಳೊಳಗೆ ತಂಡ ಮಧ್ಯ ಏಷ್ಯದ ಟೂರ್ನಿಯಲ್ಲಿ ಒಮಾನನ್ನು ಪೆನಾಲ್ಟಿಯಲ್ಲಿ ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಅಕ್ಟೋಬರಿನಲ್ಲಿ ಮಡಗಾಂವದಲ್ಲಿ ಸಿಂಗಪುರದ ಎದುರು ಸೋತು ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. ಎರಡು ತಿಂಗಳಲ್ಲಿ ಹೊಗಳಿಕೆಯೂ ತೆಗಳಿಕೆಯೂ ಮುಗಿದು ಹೋಯಿತು.

ಹಲಿಲ್ಹೋಜಿಚ್ ಎಂಬ ಹೆಸರಿನೊಳಗೆ ‘ಹೋಜಾ’ ಇದೆ. ನಮ್ಮ ‘ಖ್ವಾಜಾ’ ಅಲ್ಲಿ ಹೀಗಾಗಿದೆ. ಬೋಸ್ನಿಯದಲ್ಲಿ ಹೋಜಾ ಎಂದರೆ ಮಸೀದಿಯ ಇಮಾಮ, ಮಕ್ಕಳಿಗೆ ಓದು ಹೇಳಿಕೊಡುವ ಗುರು. ಇದನ್ನು ತಿಳಿದಾಗ ನನಗೆ ನಗುವೂ ಬಂತು, ಸಂಕಟವೂ ಆಯಿತು. ಏಕೆಂದರೆ ನಮ್ಮ ಸಮಾಜದಲ್ಲಿ ಫುಟ್‌ಬಾಲ್ ಕೋಚಿನಷ್ಟೇ ಅಭದ್ರ ನೌಕರಿ ಯಾರದಾದರೂ ಇದ್ದರೆ ಅದು ಪೇಶ್ ಇಮಾಮರದು.

ನಮ್ಮ ಜಿಲ್ಲೆಯ ಒಂದು ಜಮಾತಿನ ಸಂಗತಿ ಹೇಳುತ್ತೇನೆ, ಊರ ಹೆಸರು ಬೇಡ. ಅಲ್ಲಿಯ ಇಮಾಮ್ ಸಾಹೇಬರು ಬಿಹಾರದ ಕಡೆಯವರು, ಹಾಫಿಜ್, ಮೂವತ್ತರ ಆಸುಪಾಸು. ಮನೆಮನೆಯ ಚಂದಾದಿಂದ ಸಂಬಳ, ಪಾಳಿಯ ಮೇಲೆ ಊಟ. ಮೂರು ವರ್ಷದಲ್ಲಿ ಕಷ್ಟಪಟ್ಟು ಕನ್ನಡ ಕಲಿತಿದ್ದರು. ಮಕ್ಕಳಿಗೆ ಕುರ್‌ಆನ್ ಓದಿಸುವಾಗ ಮಧ್ಯೆ ಮಧ್ಯೆ ‘ಹಾಂಗಲ್ಲೋ, ಹೀಂಗ’ ಅನ್ನುತ್ತಿದ್ದರು. ಅವರ ಮೇಲಿನ ದೂರುಗಳ ಪಟ್ಟಿ ದೊಡ್ಡದಿತ್ತು. ಕಿರಾಅತ್ ಉದ್ದ ಮಾಡುತ್ತಾರೆ ಎಂದು ಕೆಲವರು, ತರಾವೀಹಿನಲ್ಲಿ ಓಡುತ್ತಾರೆ ಎಂದು ಮತ್ತೆ ಕೆಲವರು. ಜುಮಾದ ಭಾಷಣದಲ್ಲಿ ಬಡ್ಡಿ ವ್ಯವಹಾರ ಮತ್ತು ವರದಕ್ಷಿಣೆಯ ಮಾತು ಎತ್ತಿದ್ದರು ಎಂಬುದು ಯಾರೂ ಬಾಯಿಬಿಟ್ಟು ಹೇಳದ ದೂರು. ಮುತವಲ್ಲಿಯವರಿಗೆ ನನ್ನ ಪರಿಚಯವಿತ್ತು. “ಮಾಸ್ತರ್ರ, ನೀವು ಉರ್ದು, ಕನ್ನಡ ಎರಡೂ ಚೆಂದ ಬರೀತೀರಿ, ಒಂದು ಕಾಗದ ಮಾಡಿಕೊಡ್ರಿ” ಎಂದು ಕರೆಸಿದರು. ಯಾವ ಕಾಗದ ಎಂದರೆ, ಇಮಾಮರಿಗೆ ‘ಬರುವ ಒಂದನೇ ತಾರೀಖಿನಿಂದ ತಮ್ಮ ಸೇವೆ ಬೇಡ’ ಎಂಬ ಕಾಗದ.

ಅವರ ತಪ್ಪೇನು ಎಂದು ಕೇಳಿದೆ.

“ತಪ್ಪು ಅಂತ ಏನಿಲ್ಲರಿ. ಆದ್ರ ಫಜ್ರ್ ನಮಾಜಿಗೆ ಜನಾನ ಬರವಲ್ರು. ಮೊದಲಿನ ಹಜ್ರತ್ ಇದ್ದಾಗ ಎರಡು ಸಾಲ ತುಂಬತಿತ್ತು.”

ನಸುಕಿನಲ್ಲಿ ಏಳದವರು ಯಾರು, ಹೋಗಬೇಕಾದವರು ಯಾರು! ಹೊದ್ದು ಮಲಗಿದವರನ್ನು ಬದಲಿಸಲಾಗದು, ಮುಂದೆ ನಿಂತವರನ್ನು ಬದಲಿಸಬಹುದು. ಕಮಿಟಿಯಲ್ಲಿ ಕೂತಿದ್ದವರಲ್ಲಿ ಇಬ್ಬರು ತಾವೇ ಫಜ್ರಿಗೆ ಬರುವವರಲ್ಲ ಎಂದು ನನಗೆ ಗೊತ್ತಿತ್ತು. ಕಾಗದ ಬರೆಯುವುದಿಲ್ಲ ಎಂದು ಹೇಳಿದೆ. ಕನಿಷ್ಠ ಮೂರು ತಿಂಗಳ ಸಂಬಳ ಕೊಡಿ, ಬೇರೆ ಮಸೀದಿ ಸಿಗುವವರೆಗೆ ಕೋಣೆ ಬಿಡಿಸಬೇಡಿ ಎಂದೂ ಹೇಳಿದೆ. “ಅದಕ್ಕೆಲ್ಲಿ ಕರಾರು ಆಗೇದರಿ?” ಎಂದು ಒಬ್ಬರು ನಕ್ಕರು. ಅದೂ ನಿಜವೇ. ಸ್ಟಿಮ್ಯಾಚ್ ಕೈಯಲ್ಲಿ ಕರಾರು ಪತ್ರವಿತ್ತು. ಈ ಮನುಷ್ಯನ ಕೈಯಲ್ಲಿ ಇದ್ದದ್ದು ಪಾಳಿ ಊಟದ ಮನೆಗಳ ಪಟ್ಟಿ. ಕಾಗದವನ್ನು ಬೇರೆಯವರು ಬರೆದರು. ಹದಿನೈದು ದಿನದ ಸಂಬಳ ಕೊಟ್ಟರು. ಇಮಾಮ್ ಸಾಹೇಬರು ಹೆಂಡತಿ, ಕೈಗೂಸು, ಎರಡು ಟ್ರಂಕು ಸಮೇತ ಹುಬ್ಬಳ್ಳಿಯಲ್ಲಿ ರೈಲು ಹತ್ತಿದರು. ಓದುತ್ತಿದ್ದ ಮಕ್ಕಳಲ್ಲಿ ನಾಲ್ಕೈದು ಮಂದಿ ಸ್ಟೇಷನ್ನಿನವರೆಗೆ ಹೋಗಿದ್ದರಂತೆ.

ಹೊಸ ಇಮಾಮರಿಗೆ ಬೇಕಾದ ಅರ್ಹತೆಗಳನ್ನು ಕಮಿಟಿ ಪಟ್ಟಿ ಮಾಡಿತು. ಹಾಫಿಜ್ ಇರಬೇಕು, ಆಲಿಮ್ ಆಗಿದ್ದರೆ ಒಳ್ಳೆಯದು, ದನಿ ಚೆನ್ನಾಗಿರಬೇಕು, ತೀರ ಎಳೆಯರು ಬೇಡ, ವಯಸ್ಸಾದವರೂ ಬೇಡ, ಊರ ರಾಜಕೀಯ ಮಾತಾಡಬಾರದು, ಸಂಬಳ ಮೊದಲಿನಷ್ಟೇ. ಐಎಸ್ಎಲ್ ಕ್ಲಬ್ಬಿನವರೂ ಇಷ್ಟು ಕೇಳಲಿಕ್ಕಿಲ್ಲ. ನಾನು ಒಂದು ಹಾಳೆಯ ಕರಾರಿನ ಮಾದರಿ ಬರೆದು ಮುತವಲ್ಲಿಯವರ ಕೈಗಿಟ್ಟೆ. ಎರಡು ವರ್ಷದ ಅವಧಿ, ತೆಗೆಯುವುದಿದ್ದರೆ ಮೂರು ತಿಂಗಳ ನೋಟೀಸು, ದೂರನ್ನು ಬರಹದಲ್ಲಿ ಕೊಟ್ಟು ಇಮಾಮರ ಉತ್ತರ ಕೇಳುವುದು, ವರ್ಷಕ್ಕೊಮ್ಮೆ ಊರಿಗೆ ಹೋಗಲು ರಜೆ ಮತ್ತು ರೈಲು ಚಾರ್ಜು. ಮುತವಲ್ಲಿಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಛಲೋ ಐತ್ರಿ ಮಾಸ್ತರ್ರ, ಮುಂದಿನ ಮೀಟಿಂಗಿನ್ಯಾಗ ಇಡೂಣು” ಎಂದು ಕಿಸೆಯಲ್ಲಿಟ್ಟುಕೊಂಡರು.

ಆಮೇಲೆ ಮೊಹರಂ ಬಂತು, ಪೀರಲು ದೇವರು ಕೂಡಿಸುವ ಗಡಿಬಿಡಿ. ಅದು ಮುಗಿಯುವಷ್ಟರಲ್ಲಿ ಬಿತ್ತನೆ, ಕಳೆ. ಹೊಸ ಇಮಾಮರು ಬಂದು ಎಂಟು ತಿಂಗಳಾಯಿತು. ಅವರೂ ಬಾಯಿಮಾತಿನ ಮೇಲೆಯೇ ಇದ್ದಾರೆ. ಕಿರಾಅತ್ ಸ್ವಲ್ಪ ಉದ್ದವಾಯಿತೆಂಬ ಮಾತು ಹೋದ ವಾರದ ಜುಮಾ ಮುಗಿದ ಮೇಲೆ ಮಸೀದಿಯ ಕಟ್ಟೆಯ ಮೇಲೆ ಶುರುವಾಗಿದೆ ಎಂದು ಅಲ್ಲಿಂದ ಬಂದವರು ಹೇಳಿದರು.